ಲಾಯರ್ ಮತ್ತು ರಸ್ತೆಯ ಹಂಪ್

ನಮ್ಮ ಬೀದಿಯ ಕಟಿಂಗ್ ಶಾಪಿನವನನ್ನು ಎಲ್ಲರೂ ಲಾಯರ್ ಎಂದೇ ಕರೆಯುತ್ತಿದ್ದರು. ಅವನು ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ, ಹತ್ತಿದ್ದರೆ ಇಳಿಯುತ್ತಿರಲಿಲ್ಲ. ಬೆಳಗ್ಗೆ ಷಟರ್ ಎತ್ತುವಾಗ ಶುರುವಾದ ವಾದ ಸಂಜೆ ಷಟರ್ ಎಳೆಯುವವರೆಗೂ ನಡೆಯುತ್ತಿತ್ತು. ನಡುವೆ ಗಿರಾಕಿಗಳು ಮಾತ್ರ ಬದಲಾಗುತ್ತಿದ್ದರು.

ಅಂಗಡಿ ಚಿಕ್ಕದು. ಎರಡು ಕುರ್ಚಿ, ಅದರಲ್ಲೊಂದು, ಕೂತ ಕೂಡಲೇ ನಿಟ್ಟುಸಿರು ಬಿಟ್ಟು ಕೆಳಗಿಳಿಯುತ್ತಿತ್ತು. ಮುಂದೊಂದು ಕನ್ನಡಿ, ಹಿಂದೊಂದು ಕನ್ನಡಿ. ಕೂತವನಿಗೆ ತಾನೇ ಒಂದು ಮೆರವಣಿಗೆಯಾಗಿ ದೂರದವರೆಗೆ ಹೋಗುತ್ತಿರುವುದು ಕಾಣುತ್ತಿತ್ತು. ಲಾಯರ್ ಅಷ್ಟೂ ಜನರನ್ನು ಒಟ್ಟಿಗೆ ಒಪ್ಪಿಸುವವನ ಹಾಗೆ ಕತ್ತರಿ ಆಡಿಸುತ್ತ ಮಾತಾಡುತ್ತಿದ್ದ. ಅಂಗಡಿಗೆ ಇದ್ದದ್ದು ಒಂದೇ ಕಾನೂನು: ತಲೆ ಅಲ್ಲಾಡಿಸಬಾರದು.

"ಏನಂತೀರಿ? ಹೌದೋ ಅಲ್ವೋ?" ಎಂದು ಕೇಳುವನು. ಗಿರಾಕಿಯ ಗದ್ದ ಅವನ ಎಡಗೈಯಲ್ಲಿ, ಗಂಟಲ ಮೇಲೆ ಬಲಗೈಯ ಕತ್ತಿ. ಅಲ್ಲ ಎನ್ನಬೇಕಾದರೆ ತಲೆ ಅಲ್ಲಾಡಿಸಬೇಕು. ಬಾಯಿ ತೆರೆದರೆ ಸೋಪಿನ ನೊರೆ ನೇರ ಒಳಕ್ಕೆ. ಗಿರಾಕಿ ಮೂಗಿನಲ್ಲೇ "ಹ್ಞೂಂ" ಅನ್ನುವನು. ಲಾಯರ್ ಅದನ್ನು ಗೆಲುವೆಂದು ತಿಳಿಯುವನು. ಮೂವತ್ತು ವರ್ಷ ಒಂದು ವಾದದಲ್ಲೂ ಸೋಲದ ಮನುಷ್ಯನಿಗೆ ತನ್ನ ಮೇಲೆ ಎಂಥ ನಂಬಿಕೆ ಹುಟ್ಟಿರಬೇಡ! ಮದುವೆಯ ಮಾತು ಬಂದಾಗಲೆಲ್ಲ ಹುಡುಗಿಯ ಅಪ್ಪನ ಜೊತೆ ವಾದಕ್ಕೆ ಕೂತು, ಗೆದ್ದು, ಎದ್ದು ಬಂದಿದ್ದ. ಹಾಗಾಗಿ ಇನ್ನೂ ಒಂಟಿ.

ಪೂರ್ತಿ ಒಂಟಿ ಎನ್ನಲಾಗದು. ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ಅಕ್ಕ ಇದ್ದಳು. ಅವನನ್ನು ಎತ್ತಿ ಆಡಿಸಿ, ಬೈದು ಬೆಳೆಸಿದವಳು ಅವಳೇ. ರಸ್ತೆಯ ಆಚೆ ಕಡೆ, ಕಟಿಂಗ್ ಶಾಪಿನ ಎದುರಿಗೇ, ಅವಳದೊಂದು ಗುಂಡಿ-ದಾರದ ಅಂಗಡಿ. ಗೋಡೆಯ ತುಂಬ ಗಾಜಿನ ಬಾಟಲಿಗಳಲ್ಲಿ ಬಣ್ಣ ಬಣ್ಣದ ಗುಂಡಿಗಳು. ಬೆಳಗಿನ ಬಿಸಿಲು ಬಿದ್ದರೆ ಆ ಅಂಗಡಿಯ ನೆಲದ ಮೇಲೆ ಕೆಂಪು ಹಸಿರು ನೆರಳು ಚೆಲ್ಲುತ್ತಿತ್ತು. ಅಕ್ಕ ಆ ಬಣ್ಣಗಳ ನಡುವೆ ಕೂತು, ಅಂಗಿಯಿಂದ ಉದುರಿಹೋದ ಒಂದೇ ಒಂದು ಗುಂಡಿಗೆ ಜೋಡಿ ಹುಡುಕಿಕೊಡುತ್ತಿದ್ದಳು.

ಒಂದು ಮೊಣಕಾಲಿನ ಆಪರೇಷನ್ ಆದ ಮೇಲೆ ಅಕ್ಕನ ನಡಿಗೆ ನಿಧಾನವಾಗಿತ್ತು. ಆದರೂ ರಸ್ತೆಯನ್ನು ಅವಳೊಬ್ಬಳೇ ದಾಟುತ್ತಿದ್ದಳು. ಅದಕ್ಕೆ ಕಾರಣ ಎರಡು ಅಂಗಡಿಗಳ ನಡುವೆ ರಸ್ತೆಗೆ ಅಡ್ಡ ಮಲಗಿದ್ದ ಹಂಪ್. ಹಾರಿಕೊಂಡು ಬರುವ ಗಾಡಿಗಳೆಲ್ಲ ಅಲ್ಲಿಗೆ ಬಂದು ತಲೆ ತಗ್ಗಿಸಿ ನಿಧಾನವಾಗುತ್ತಿದ್ದವು. ಆ ಒಂದು ತಗ್ಗುವಿಕೆಯಲ್ಲಿ ಅಕ್ಕ ಕೈಚೀಲ ಹಿಡಿದು ದಾಟಿಬಿಡುತ್ತಿದ್ದಳು. ತಮ್ಮ ಕೈ ಹಿಡಿಯಲು ಬಂದರೆ, "ಹೋಗೋ, ನಾನೇನು ನರ್ಸರಿ ಮಗುವಾ?" ಎಂದು ಗದರುತ್ತಿದ್ದಳು.

ಹೀಗಿರುವಾಗ ರಸ್ತೆಗೆ ಹೊಸದಾಗಿ ಡಾಂಬರು ಹಾಕುತ್ತಾರೆಂಬ ಸುದ್ದಿ ಬಂತು. ಹಳೆಯ ಹಂಪ್ ಕಿತ್ತುಹೋಗುತ್ತದೆ; ಮತ್ತೆ ಕಟ್ಟಬೇಕೋ ಬೇಡವೋ ಎಂದು ಬೀದಿಯವರೇ ತೀರ್ಮಾನಿಸಲಿ, ಭಾನುವಾರ ನಾನೇ ಬಂದು ಕೈ ಎತ್ತಿಸಿ ಎಣಿಸುತ್ತೇನೆ ಎಂದರು ರಸ್ತೆ ಕೆಲಸದ ಎಂಜಿನಿಯರು.

"ಹಂಪ್ ಹೋದರೆ ನನ್ನ ಅಂಗಡಿಗೂ ಬೀಗವೇ ಕಣೋ," ಎಂದಳು ಅಕ್ಕ. "ಈ ಗಾಡಿಗಳ ಮಧ್ಯೆ ನಾನು ದಾಟೋದುಂಟಾ? ದಿನಾ ಯಾರದೋ ಕೈ ಹಿಡ್ಕೊಂಡು ಹೋಗೋದಕ್ಕಿಂತ ಮನೇಲಿ ಕೂರೋದೇ ವಾಸಿ."

"ನಾನಿದ್ದೀನಲ್ಲಕ್ಕ! ಬೀದಿಯ ಗ್ರೂಪಿನಲ್ಲಿ ಒಂದು ಮಾತು ಹಾಕ್ತೀನಿ, ನೋಡ್ತಿರು."

ಅಕ್ಕನಿಗೆ ಆವರೆಗೆ ಇದ್ದದ್ದು ಸಣ್ಣ ಚಿಂತೆ. ಅದು ದೊಡ್ಡದಾದದ್ದು ಆ ಮಾತು ಕೇಳಿದ ಮೇಲೆ.

ಬೀದಿಯ ಗ್ರೂಪೆಂದರೆ ಎಲ್ಲರ ಫೋನಿನಲ್ಲೂ ಇದ್ದ ಮಾತಿನ ಕಟ್ಟೆ. ಮೊದಲ ದಿನ ಬಹುತೇಕ ಎಲ್ಲರೂ ಹಂಪ್ ಇರಲಿ ಎಂದೇ ಬರೆದಿದ್ದರು. ಮೊಟ್ಟೆ ಅಂಗಡಿಯವರು ಮಾತ್ರ ಸೌಮ್ಯವಾಗಿ, 'ಬೈಕಿನಲ್ಲಿ ಮೊಟ್ಟೆ ತರುವಾಗ ಒಡೆಯುತ್ತವೆ. ಹಂಪ್ ಇರಲಿ, ಎತ್ತರ ಸ್ವಲ್ಪ ಕಮ್ಮಿ ಮಾಡಬಹುದಾ?' ಎಂದು ಕೇಳಿದ್ದರು. ಇಷ್ಟಕ್ಕೆ ಯಾರಾದರೂ ಸರಿ ಎಂದಿದ್ದರೆ ಕಥೆ ಮುಗಿಯುತ್ತಿತ್ತು. ಲಾಯರ್ ಕತ್ತರಿ ಕೆಳಗಿಟ್ಟು ಫೋನು ಎತ್ತಿಕೊಂಡ.

'ಅಂದರೆ ನಿಮಗೆ ಮನುಷ್ಯರ ಜೀವಕ್ಕಿಂತ ಮೊಟ್ಟೆ ದೊಡ್ಡದು! ಇವತ್ತು ಹಂಪ್ ತಗ್ಗಿಸಿ ಅಂತಾರೆ. ನಾಳೆ ಮನೆ ತಗ್ಗಿಸಿ ಅಂತಾರೆ. ನಾಡಿದ್ದು ನಮ್ಮೆಲ್ಲರ ಎತ್ತರ ತಗ್ಗಿಸಿ ಅಂತಾರೆ. ಒಪ್ಪೋಣವಾ?'

'ನಾನು ಹಾಗೆಲ್ಲಿ ಹೇಳಿದೆ?' ಎಂದರು ಮೊಟ್ಟೆ ಅಂಗಡಿಯವರು.

'ಹೇಳಲಿಲ್ಲ. ಅದೇ ಅನುಮಾನ. ಯಾಕೆ ಹೇಳಲಿಲ್ಲ?' ಮೊಟ್ಟೆ ಅಂಗಡಿಯವರು ರೇಗಿ, ಇನ್ನು ತಾವು ಹಂಪ್ ಬೇಡ ಅನ್ನುವ ಕಡೆ ಎಂದು ಬರೆದರು.

ಹಲ್ಲಿನ ಡಾಕ್ಟರಮ್ಮ ಹಂಪಿನ ಪರವೇ. ಆಕೆ, 'ಹಂಪಿನಿಂದ ಅಪಘಾತ ಕಮ್ಮಿ ಆಗಿದೆಯಾ ಅಂತ ಯಾರಾದರೂ ವಿಚಾರಿಸಿದರೆ ಒಳ್ಳೆಯದು' ಎಂದು ಬರೆದರು. ಲಾಯರ್ ಬಿಟ್ಟಾನೆಯೇ? 'ನಿಮಗೇನಮ್ಮ! ಗಾಡಿ ಹಂಪಿನ ಮೇಲೆ ಕುಪ್ಪಳಿಸಿದರೆ ಹಲ್ಲು ಉದುರುತ್ತೆ. ನಿಮಗೆ ಗಿರಾಕಿ. ಅದಕ್ಕೇ ತಾನೇ ಹಂಪ್ ಬೇಕು ಅಂತಿರೋದು?' ಎಂದು ತನ್ನ ಕಡೆಯವರ ಬಾಯಿಗೇ ಬೀಗ ಹಾಕಿದ. ಮರುಕ್ಷಣವೇ ಡಾಕ್ಟರಮ್ಮ, 'ಹಾಗಾದರೆ ನನಗೆ ಹಂಪೇ ಬೇಡ' ಎಂದು ಬರೆದು ಫೋನು ಮಗುಚಿಟ್ಟರು.

ಮರುದಿನ ಲಾಯರ್ ಹೊಸ ಅಸ್ತ್ರ ಬಿಟ್ಟ. 'ಹಂಪ್ ಬಂದ ಮೇಲೆ ಈ ಬೀದಿಯಲ್ಲಿ ಒಬ್ಬರಿಗಾದರೂ ನಾಯಿ ಕಚ್ಚಿದೆಯಾ?'

'ಈ ಬೀದಿಯಲ್ಲಿ ನಾಯಿಗಳೇ ಇಲ್ಲವಲ್ಲ ಲಾಯರೇ!'

'ನೋಡಿದಿರಾ? ನಾಯಿಗಳೇ ಓಡಿಹೋದವು!'

ಕೊನೆಗೆ, ನನ್ನ ಅಂಗಡಿಗೆ ಬಂದವರನ್ನೆಲ್ಲ ಕೇಳಿದ್ದೇನೆ, ಒಬ್ಬರಾದರೂ ಇಲ್ಲ ಎಂದಿಲ್ಲ, ಇಡೀ ಊರೇ ಹಂಪಿನ ಪರ ಎಂದು ಸಾರಿದ. ಮೊಟ್ಟೆ ಅಂಗಡಿಯವರು ಉತ್ತರಿಸಿದರು: 'ಗಂಟಲಿಗೆ ಕತ್ತಿ ಇಟ್ಟು ಕೇಳಿದರೆ ನಾನೂ ಹ್ಞೂಂ ಅಂತೀನಿ ಕಣ್ರೀ. ಬೇಕಾದರೆ ಮೊಟ್ಟೆ ಇಡ್ತೀನಿ ಅಂತಲೂ ಒಪ್ಕೋತೀನಿ.'

ಗ್ರೂಪಿನಲ್ಲಿ ನಗು ಎದ್ದಿತು. ಆದರೆ ಅಕ್ಕ ನಗಲಿಲ್ಲ. ಜಿಪ್ಪು ಕೊಳ್ಳಲು ಬಂದವರು, ದಾರ ಕೊಳ್ಳಲು ಬಂದವರು ಎಲ್ಲರೂ ಒಂದೇ ರಾಗ ಹಾಡುತ್ತಿದ್ದರು: "ಮೊದಲು ಹಂಪ್ ಇರಲಿ ಅಂತಲೇ ಇದ್ವಿ. ಆದರೆ ನಿಮ್ಮ ತಮ್ಮ ಇಷ್ಟು ಬೇಕು ಬೇಕು ಅನ್ನೋದು ನೋಡಿದ್ರೆ, ಅದರಲ್ಲೇನೋ ಎಡವಟ್ಟಿದೆ ಅನ್ಸುತ್ತೆ."

ಆ ಸಂಜೆ ಅಕ್ಕ ಅನ್ನ ಬಡಿಸಿ ಎದುರಿಗೆ ಕೂತಳು.

"ಲೋ, ನನ್ನ ಕಾಲಿನ ವಿಷಯ ಗ್ರೂಪಲ್ಲಿ ಹೇಳಿದ್ಯೇನೋ?"

"ಇಲ್ಲ."

"ಅಷ್ಟೊಂದು ಬರೆದೆಯಲ್ಲ! ನಾಯಿ ಬಂತು, ಮೊಟ್ಟೆ ಬಂತು. ಅದೊಂದು ಯಾಕೆ ಬರಲಿಲ್ಲ?"

"ಅದೆಂಥ ವಾದ ಅಕ್ಕ?" ಲಾಯರ್ ನಿಜಕ್ಕೂ ಬೆರಗಾಗಿ ಕೇಳಿದ. "ಅದು ಬರೀ ನಿಜ. ಅದರಲ್ಲಿ ನನ್ನ ಸಾಮರ್ಥ್ಯ ಏನಿದೆ?"

ಅಕ್ಕ ಹಣೆ ಹಣೆ ಚಚ್ಚಿಕೊಂಡಳು. "ಆಯ್ತು, ಬಿಡು. ನನ್ನ ಕಾಲಿನ ಕಥೆ ಊರಿಗೆಲ್ಲ ಗೊತ್ತಾಗೋದು ನನಗೂ ಬೇಡ. ನೀನೊಂದು ಉಪಕಾರ ಮಾಡು. ನಾಳೆಯಿಂದ ಆ ಕಡೆ ಸೇರ್ಕೋ."

"ಯಾವ ಕಡೆ?"

"ಹಂಪ್ ಬೇಡ ಅನ್ನೋ ಕಡೆ."

ಅವನ ಕೈಯ ತುತ್ತು ಕೈಯಲ್ಲೇ ನಿಂತಿತು. "ಅಕ್ಕಾ! ನನ್ನಂಥ ಆಳನ್ನ ಶತ್ರುಗಳ ಕೈಗೆ ಕೊಡ್ತೀಯಾ?"

"ಹೂಂ ಕಣೋ. ಅವರೂ ಸ್ವಲ್ಪ ಅನುಭವಿಸಲಿ."

ಮಾತು ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವನ ಮುಖ ನೀರು ಬತ್ತಿದ ಸ್ಪಂಜಿನ ಹಾಗೆ ಚಿಕ್ಕದಾಯಿತು. ಸೋಲುವುದಕ್ಕಾಗಿ ವಾದಿಸು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಕ್ಕ ಮೊಣಕಾಲು ನೀವಿಕೊಳ್ಳುತ್ತ ಗೋಡೆ ಹಿಡಿದು ಎದ್ದಳು. ಅದನ್ನು ನೋಡಿ ಅವನು, "ಸರಿ," ಎಂದ.

ಬೆಳಗ್ಗೆ ಗ್ರೂಪಿನಲ್ಲಿ ಬಂತು: 'ಚೆನ್ನಾಗಿ ಯೋಚಿಸಿದೆ. ಹಂಪ್ ಬೇಡ.' ಅದರ ಹಿಂದೆ ಕಾರಣಗಳ ಸಾಲು. ನಮ್ಮ ತಾತ ಹಂಪೇ ಇಲ್ಲದ ರಸ್ತೆಯಲ್ಲಿ ಓಡಾಡಿ ತೊಂಬತ್ತು ವರ್ಷ ಬಾಳಿದರು. ಜನ ಬೀಳುವುದೆಲ್ಲ ಎತ್ತರದಿಂದಲೇ. ಹಂಪ್ ಒಂದು ಎತ್ತರ. ತಿಳಿದವರಿಗೆ ಇನ್ನು ಹೇಳಬೇಕೆ? ಒಂದೋ ಹಂಪ್ ಇರಬೇಕು, ಇಲ್ಲವೇ ಸ್ವಾತಂತ್ರ್ಯ ಇರಬೇಕು, ಎರಡೂ ಇರಲು ಸಾಧ್ಯವಿಲ್ಲ.

ಔಷಧ ಕೂಡಲೇ ಕೆಲಸ ಮಾಡಿತು. ಮೊದಲು ತತ್ತರಿಸಿದವರು ಮೊಟ್ಟೆ ಅಂಗಡಿಯವರೇ. ಒಂದು ಹಂಪಿನಿಂದ ಒಡೆದ ಮೊಟ್ಟೆಗಳನ್ನು ಅವರು ಸಹಿಸಿದ್ದರು. ಲಾಯರ್ ತಮ್ಮ ಕಡೆ ಬಂದು ನಿಂತದ್ದನ್ನು ಸಹಿಸಲಾಗಲಿಲ್ಲ. "ಇಷ್ಟು ವರ್ಷದಲ್ಲಿ ಆತ ಒಂದು ದಿನ ಸರಿಯಾದದ್ದು ಹೇಳಿದ್ದಿಲ್ಲ. ಇವತ್ತು ನನ್ನ ಮಾತನ್ನೇ ಹೇಳ್ತಿದ್ದಾನೆ ಅಂದರೆ ನಾನು ಎಲ್ಲೋ ಎಡವಿದ್ದೀನಿ," ಎಂದು ಹೆಂಡತಿಯ ಹತ್ತಿರ ಹೇಳಿಕೊಂಡು, ಗ್ರೂಪಿನಲ್ಲಿ 'ಹಂಪ್ ಇರಲೇಬೇಕು' ಎಂದು ಬರೆದರು. ಡಾಕ್ಟರಮ್ಮ ಹಿಂದೆಯೇ ಬಂದರು. ಹಂಪಿನಿಂದ ಲಾಭವೇನು ಎಂದು ಯಾರೂ ಈಗಲೂ ವಿಚಾರಿಸಿರಲಿಲ್ಲ; ಲಾಯರ್ ಯಾವ ಕಡೆ ಎಂಬುದು ಗೊತ್ತಿದ್ದರೆ ಸಾಕಾಗಿತ್ತು.

ಒಂದೇ ತೊಂದರೆ. ಲಾಯರ್‌ಗೆ ಅರೆಮನಸ್ಸಿನಿಂದ ವಾದಿಸಿ ಗೊತ್ತಿಲ್ಲ. ಎರಡು ದಿನದಲ್ಲಿ ಅವನ ಮಾತು ಅವನಿಗೇ ಹಿಡಿಸತೊಡಗಿತು. "ಅಕ್ಕಾ, ಆ ಎತ್ತರದ ವಿಷಯದಲ್ಲಿ ಹುರುಳಿದೆ ಕಣಕ್ಕ," ಎಂದ ಒಮ್ಮೆ. ಅಕ್ಕ ಕೈಯಲ್ಲಿದ್ದ ಸೌಟು ತೋರಿಸಿದ ಮೇಲೆ ಸುಮ್ಮನಾದ.

ಭಾನುವಾರ ಎಂಜಿನಿಯರು ಬಂದು ಹಂಪಿನ ಪಕ್ಕದಲ್ಲೇ ನಿಂತರು. ಬೀದಿಗೆ ಬೀದಿಯೇ ಸೇರಿತ್ತು. ಮೊದಲು ಬೇಡ ಎನ್ನುವವರು ಮಾತಾಡಲಿ ಎಂದಾಗ ಲಾಯರ್ ಹೆಜ್ಜೆ ಮುಂದಿಟ್ಟ. ತಾತನನ್ನು ಕರೆತಂದ, ಎತ್ತರದಿಂದ ಬಿದ್ದವರನ್ನೆಲ್ಲ ಕರೆತಂದ, ಸ್ವಾತಂತ್ರ್ಯದ ಹತ್ತಿರ ಬಂದಾಗ ಎರಡೂ ಕೈಗಳನ್ನು ಆಕಾಶಕ್ಕೆ ಎತ್ತಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹಂಪ್ ಬೇಕೇ ಬೇಕು ಎಂಬ ನಿರ್ಧಾರದಲ್ಲಿ ಇನ್ನಷ್ಟು ಗಟ್ಟಿಯಾದರು. ಅಕ್ಕ ತನ್ನ ಅಂಗಡಿಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ನೆಮ್ಮದಿಯ ಉಸಿರು ಬಿಟ್ಟಳು.

ಆಗ ಹಿಂದಿನಿಂದ ಒಂದು ಕೈ ಮೇಲೆದ್ದಿತು.

"ಇವರು ಹೇಳ್ತಿರೋದು ಸರಿ ಅನ್ಸುತ್ತೆ," ಎಂದಿತು ಒಂದು ದನಿ. ಅವರು ಮೂಲೆಮನೆಗೆ ಅದೇ ವಾರ ಬಾಡಿಗೆಗೆ ಬಂದಿದ್ದ ಡ್ರಾಯಿಂಗ್ ಮೇಷ್ಟ್ರು. ಅವರಿಗೆ ಬೀದಿಯೂ ಹೊಸದು, ಲಾಯರೂ ಹೊಸಬ. "ಎತ್ತರದಿಂದ ಬೀಳೋದು ಅನ್ನೋ ಮಾತು, ನಾನು ಯೋಚನೆಯೇ ಮಾಡಿರಲಿಲ್ಲ. ನಾನು ಇವರ ಕಡೆ."

ಲಾಯರ್ ತಿರುಗಿ ನೋಡಿದ. ಗಂಟಲಿಗೆ ಕತ್ತಿಯಿಲ್ಲ, ಬಾಯಿಗೆ ನೊರೆಯಿಲ್ಲ, ತಲೆಯನ್ನು ಯಾವ ಕಡೆಗೆ ಬೇಕಾದರೂ ಅಲ್ಲಾಡಿಸುವ ಸ್ವಾತಂತ್ರ್ಯವಿರುವ ಮನುಷ್ಯ, ಬಿಸಿಲಿನಲ್ಲಿ ನಿಂತು, ಅವನ ಮಾತನ್ನು ಒಪ್ಪಿದ್ದ! ಜೀವಮಾನದಲ್ಲಿ ಮೊದಲ ಸಲ. ಹಕ್ಕಿಯೊಂದು ತಾನಾಗಿ ಬಂದು ಅಂಗೈ ಮೇಲೆ ಕೂತಂತೆ ಲಾಯರ್ ಅಲುಗಾಡದೆ ನಿಂತ. ಕಣ್ಣಲ್ಲಿ ನೀರು ಬಂತು.

ಮೇಷ್ಟ್ರ ಪಕ್ಕದವರು, "ಹೊಸಬರೂ ಹೇಳ್ತಿದಾರೆ ಅಂದ್ರೆ..." ಎಂದು ತಡವರಿಸುತ್ತ ಅರ್ಧ ಕೈ ಎತ್ತಿದರು. ಅವರನ್ನು ನೋಡಿ ಇನ್ನೊಬ್ಬರು. ಎಂಜಿನಿಯರು ಪೆನ್ನು ತೆರೆದರು. ಲಾಯರ್ ಅಕ್ಕನ ಕಡೆ ನೋಡಿದ. ಅಕ್ಕ ಸ್ಟೂಲಿನಿಂದ ಎದ್ದಿದ್ದಳು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲಿತ್ತು.

"ಮೇಷ್ಟ್ರೇ," ಎಂದ ಲಾಯರ್. "ನಿಮ್ಮ ಕೈ ಇಳಿಸಿ. ದಯವಿಟ್ಟು."

"ಯಾಕೆ? ನೀವು ಹೇಳಿದ್ದು ಸರಿಯಾಗೇ ಇದೆಯಲ್ಲ."

"ಇಲ್ಲ ಸ್ವಾಮಿ. ತಾತ ತೊಂಬತ್ತು ಬಾಳಿದ್ದು ಹಳ್ಳಿಯಲ್ಲಿ. ಅಲ್ಲಿ ರಸ್ತೆಯೇ ಇರಲಿಲ್ಲ. ಹಂಪಿನಿಂದ ಬಿದ್ದವರನ್ನ ನಾನು ಯಾರನ್ನೂ ನೋಡಿಲ್ಲ." ಅವನು ಎಂಜಿನಿಯರ ಕಡೆ ತಿರುಗಿದ. "ನಮ್ಮಕ್ಕನಿಗೆ ಮೊಣಕಾಲು ಸರಿ ಇಲ್ಲ ಸಾರ್. ಗಾಡಿ ನಿಧಾನ ಆದರೆ ಒಬ್ಬಳೇ ದಾಟ್ತಾಳೆ. ಇಲ್ಲದಿದ್ರೆ ಅಂಗಡಿ ಮುಚ್ಚಿ ಮನೇಲಿ ಕೂರ್ತಾಳೆ. ಅಷ್ಟೇ ಸಾರ್ ವಿಷಯ."

ಬೀದಿಯೆಲ್ಲ ಅಕ್ಕನ ಕಡೆ ತಿರುಗಿತು. ಎಲ್ಲರೂ ಅಕ್ಕನನ್ನು ದಿನಾ ನೋಡುತ್ತಿದ್ದವರೇ. ಅವಳು ದಾಟುವುದನ್ನೂ ನೋಡಿದ್ದರು, ಹಂಪನ್ನೂ ನೋಡಿದ್ದರು. ಎರಡನ್ನೂ ಸೇರಿಸಿ ನೋಡಿದವರು ಯಾರೂ ಇರಲಿಲ್ಲ.

ಮೇಷ್ಟ್ರ ಕೈ ಕೆಳಗಿಳಿಯಿತು. ಅರ್ಧ ಎತ್ತಿದವರು ಅದೇ ಕೈಯಿಂದ ತಲೆ ಕೆರೆದುಕೊಂಡರು.

"ಅಯ್ಯೋ ಮಾರಾಯ," ಎಂದರು ಮೊಟ್ಟೆ ಅಂಗಡಿಯವರು, "ಇದನ್ನ ಮೊದಲನೇ ದಿನ ಹೇಳಿದ್ರೆ ನನ್ನ ವಾರಪೂರ್ತಿ ನಿದ್ದೆ ಉಳೀತಿತ್ತಲ್ಲ!"

ಹಂಪ್ ಬೇಕು ಎನ್ನುವವರು ಎಂದಾಗ ಎದ್ದ ಕೈಗಳನ್ನು ಎಂಜಿನಿಯರು ಎಣಿಸುವ ಗೋಜಿಗೆ ಹೋಗಲಿಲ್ಲ. ಅಗಲ ಜಾಸ್ತಿ, ಎತ್ತರ ಕಮ್ಮಿ ಮಾಡಿ ಕಟ್ಟಿಸುತ್ತೇನೆ, ಗಾಡಿಯೂ ನಿಧಾನವಾಗುತ್ತದೆ, ಮೊಟ್ಟೆಯೂ ಉಳಿಯುತ್ತದೆ ಎಂದರು. ಅದು ಮೊದಲ ದಿನವೇ ಮೊಟ್ಟೆ ಅಂಗಡಿಯವರು ಕೇಳಿದ್ದ ಮಾತು ಎಂದು ಡಾಕ್ಟರಮ್ಮ ಗೊಣಗಿದರು.

ಜನ ಚದುರಿದರು. ಅಕ್ಕ ಕೈಚೀಲ ಹಿಡಿದು ಕೆಂಪಾದ ಮುಖದಲ್ಲಿ ರಸ್ತೆಗಿಳಿದಳು. ಬೀದಿಗೆಲ್ಲ ತನ್ನ ಮೊಣಕಾಲಿನ ಸಮಾಚಾರ ಸಾರಿದ ತಮ್ಮನಿಗೆ ಚೆನ್ನಾಗಿ ಬೈಯಬೇಕೆಂದು ಬರುತ್ತಿದ್ದಳು. ಅಷ್ಟರಲ್ಲಿ ಡ್ರಾಯಿಂಗ್ ಮೇಷ್ಟ್ರು ಲಾಯರ್ ಹತ್ತಿರ ಹೋಗಿ, "ಏನೇ ಹೇಳಿ, ನೀವು ಮಾತಾಡಿದ್ದು ಚೆನ್ನಾಗಿತ್ತು," ಎಂದರು.

"ಹೌದಾ?" ಲಾಯರ್ ಅವರ ಎರಡೂ ಕೈ ಹಿಡಿದುಕೊಂಡ. "ನಿಜವಾಗ್ಲೂ ಒಪ್ಪಿದ್ರಾ? ಯಾವ ಮಾತಿಗೆ ಒಪ್ಪಿದ್ದು? ಎತ್ತರದ್ದಾ, ಸ್ವಾತಂತ್ರ್ಯದ್ದಾ? ನಿಧಾನವಾಗಿ ಯೋಚನೆ ಮಾಡಿ ಹೇಳಿ, ಅವಸರ ಇಲ್ಲ."

ಬೈಯಲು ಬಂದ ಅಕ್ಕ ಆ ಮುಖ ನೋಡಿ ನಿಂತಳು. ಬೈಗುಳವನ್ನು ಊಟದ ಹೊತ್ತಿಗೆಂದು ಎತ್ತಿಟ್ಟು, ಮೇಷ್ಟ್ರ ಕಡೆ ತಿರುಗಿ, "ಹೇಳಿಬಿಡಿ ಮೇಷ್ಟ್ರೇ," ಎಂದಳು. "ಇಲ್ಲದಿದ್ರೆ ಇವನು ನಿಮ್ಮನ್ನ ಮನೆಗೆ ಹೋಗೋಕೆ ಬಿಡಲ್ಲ."