ಚಿಕ್ಕಸಿದ್ದಯ್ಯ ಜೀಪು ನೋಡಿದ್ದು

ಕೊಳ್ಳೇಗಾಲದ ಸುತ್ತಮುತ್ತ ಹಳೇ ಜೀಪು ಕೊಳ್ಳುವವರು ಮೊದಲು ಎರಡು ಕೆಲಸ ಮಾಡುತ್ತಿದ್ದರು. ಒಂದು, ಒಳ್ಳೇ ದಿನ ಕೇಳುವುದು. ಇನ್ನೊಂದು, ಚಿಕ್ಕಸಿದ್ದಯ್ಯನನ್ನು ಜೊತೆಗೆ ಕರೆದುಕೊಂಡು ಹೋಗುವುದು. ದಿನ ತಪ್ಪಿದರೂ ಪರವಾಗಿಲ್ಲ, ಸಿದ್ದಯ್ಯ ತಪ್ಪಬಾರದು ಎನ್ನುವವರೇ ಹೆಚ್ಚು.

ಅವನೇನು ಮೆಕ್ಯಾನಿಕ್ ಅಲ್ಲ. ಅರಣ್ಯ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಜೀಪು ಓಡಿಸಿದವನು. ಬಿಳಿಗಿರಿರಂಗನ ಬೆಟ್ಟದ ಒಂದೊಂದು ತಿರುವೂ ಅವನಿಗೆ ಸ್ವಂತ ಅಂಗೈಯ ಗೆರೆ. ತೊಂಬತ್ತಾರರಲ್ಲಿ ನಿವೃತ್ತನಾಗಿ, ಕೊಳ್ಳೇಗಾಲದ ಒಂದು ಸಣ್ಣ ಹೆಂಚಿನ ಮನೆಯಲ್ಲಿ ಹೆಂಡತಿ ವೀರಮ್ಮನ ಜೊತೆ ನೆಲೆಸಿದ್ದ. ಕೆಲಸದಲ್ಲಿದ್ದಾಗಲೂ ಆಮೇಲೂ, ಜೀಪು ನೋಡಿಕೊಟ್ಟಿದ್ದಕ್ಕೆ ಕೂಲಿ ಅಂತ ಏನೂ ಮುಟ್ಟುತ್ತಿರಲಿಲ್ಲ. ಹೊಟ್ಟೆ ತುಂಬ ಊಟ ಹಾಕಬೇಕು, ಹೇಳಿದ ಮಾತಿಗೆ ಎದುರಾಡಬಾರದು, ಅಷ್ಟೇ.

ಅವನು ನೋಡುವ ಚಂದವೇ ಬೇರೆ. ಬೆಳಿಗ್ಗೆ ಮಾಲೀಕ ಹಲ್ಲುಜ್ಜುವ ಹೊತ್ತಿಗೆ ಹೋಗಿ ಮೊದಲು ಬಾನೆಟ್ ಮೇಲೆ ಅಂಗೈ ಇಡುವನು. ಬೆಚ್ಚಗಿದ್ದರೆ ಅರ್ಧ ಅನುಮಾನ ಅಲ್ಲೇ. “ನಾವು ಬರಕ್ ಮುಂಚೆ ಸ್ಟಾರ್ಟ್ ಮಾಡವ್ರ ಕನ್ಲಾ. ತಣ್ಣಗಿದ್ರ ಏಳಲ್ಲ ಈ ಗಾಡಿ,” ಎನ್ನುವನು. ಹೊಸ ಬಣ್ಣ ಕಂಡರಂತೂ ಮುಖ ಸಿಂಡರಿಸಿಕೊಂಡು ಅಂಗಾತ ಮಲಗಿ ಅಡಿಗೆ ತೂರುವನು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಜೀಪಿಗೂ ಅನ್ವಯಿಸುತ್ತದೆ. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಎರಡನೇ ಲಿವರ್ ಮೇಲೆ ಅವನಿಗೆ ವಿಶೇಷ ಕಣ್ಣು. ಬಯಲಿನ ಜನ ಡೀಸೆಲ್ ಉಳಿಸಲು ಮುಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನೇ ಬಿಚ್ಚಿ ಮೂಲೆಗೆ ಎಸೆದಿರುತ್ತಾರೆ. ಲಿವರ್ ಮಾತ್ರ ಗತ್ತಾಗಿ ನಿಂತಿರುತ್ತದೆ. “ಗಂಟೆ ಅದ, ನಾಲ್ಗೆ ಇಲ್ಲ,” ಎಂದು ಎದ್ದು ಬರುವನು.

ಕೊನೆಯದು ಕಿವಿ. ಅದನ್ನು ನೋಡಲೆಂದೇ ಜನ ನಿಲ್ಲುತ್ತಿದ್ದರು. ಎಂಜಿನ್ ಸ್ಟಾರ್ಟ್ ಮಾಡಿಸಿ, ಕಣ್ಣು ಮುಚ್ಚಿ, ತಲೆಯನ್ನು ಒಂದು ಕಡೆಗೆ ವಾಲಿಸಿ ನಿಲ್ಲುವನು. ಒಂದು ನಿಮಿಷ, ಎರಡು ನಿಮಿಷ. ಆಮೇಲೆ “ತಕೊ” ಎಂದರೆ ತಕೊ, “ಬ್ಯಾಡ” ಎಂದರೆ ಬೇಡ. ಅಲ್ಲಿಗೆ ವ್ಯಾಪಾರ ಮುಗಿಯಿತು.

ಆ ಕಿವಿಯೇ ಕೈಕೊಟ್ಟಿತು. ಡೀಸೆಲ್ ಎಂಜಿನ್ನಿನ ಪಕ್ಕ ಮೂವತ್ತು ವರ್ಷ ಕೂತವನ ಕಿವಿ ಎಷ್ಟು ದಿನ ತಾನೇ ತಡೆದೀತು? ಮೊದಮೊದಲು ಲೋಕವೇ ಕೊಂಚ ಮೆತ್ತಗಾಗಿದೆ ಅಂದುಕೊಂಡ. ಪಕ್ಕದ ಮನೆಯ ಹುಂಜ ಕೂಗುವುದನ್ನು ಬಿಟ್ಟಿದೆ ಅಂದುಕೊಂಡ. ಒಂದು ದಿನ ಅದೇ ಹುಂಜ ಕಣ್ಣೆದುರೇ ಗೋಡೆ ಮೇಲೆ ಕತ್ತು ಚಾಚಿ ಬಾಯಿ ತೆರೆದು ಮುಚ್ಚಿದ್ದನ್ನು ಕಂಡಾಗ ಕೆಟ್ಟಿದ್ದು ಹುಂಜದ ಗಂಟಲಲ್ಲ, ತನ್ನ ಕಿವಿ ಎಂದು ಗೊತ್ತಾಯಿತು. ಯಾರಿಗೂ ಹೇಳಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು.

ಆ ಮೌನಕ್ಕೆ ಮಾಂಬಳ್ಳಿಯ ಒಬ್ಬ ಮೇಷ್ಟ್ರು ಬೆಲೆ ತೆತ್ತರು. ಅವರು ಕೊಳ್ಳಲಿದ್ದ ಜೀಪಿನ ಮುಂದೆ ಸಿದ್ದಯ್ಯ ಎಂದಿನಂತೆ ಕಣ್ಣು ಮುಚ್ಚಿ ನಿಂತ. ಎಂಜಿನ್ನಿನ ದಪ್ಪ ಗುದ್ದು ಬಿಟ್ಟರೆ ಒಳಗಿನ ಸಣ್ಣ ಸದ್ದು ಯಾವುದೂ ಕೇಳಲಿಲ್ಲ. “ತಕೊಳಿ” ಎಂದುಬಿಟ್ಟ. ಮೂರೇ ತಿಂಗಳಿಗೆ ಬೆಟ್ಟದ ದಾರಿಯಲ್ಲಿ ಗೇರ್‌ಬಾಕ್ಸ್ ಒಡೆದು, ಮೇಷ್ಟ್ರು ಹೆಂಡತಿ ಮಕ್ಕಳ ಸಮೇತ ಸಂಜೆವರೆಗೆ ಕಾಡಿನಲ್ಲಿ ಕೂತರು. ಹಳೇ ಗಾಡಿ, ನಮ್ಮ ಹಣೆಬರಹ ಎಂದರೇ ಹೊರತು ಸಿದ್ದಯ್ಯನನ್ನು ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ. ಅಂದಿನಿಂದ ಯಾರೇ ಕರೆಯಲು ಬಂದರೂ ಬೆನ್ನುನೋವು, ಮಂಡಿನೋವು ಎಂದು ತಪ್ಪಿಸಿಕೊಳ್ಳತೊಡಗಿದ.

ತೊಂಬತ್ತೊಂಬತ್ತರ ಶಿವರಾತ್ರಿ ಕಳೆದ ಮೇಲೆ ಹನೂರಿನ ಆಚೆ, ಕಾಡಂಚಿನ ಊರಿಂದ ಪುಟ್ಟಮಾದಪ್ಪ ಎಂಬ ರೈತ ಬಂದ. ಮೂವತ್ತೈದರ ಆಸುಪಾಸಿನ ಆಳು. ಊರವರೆಲ್ಲ ಸೇರಿ ಒಂದು ಜೀಪು ಕೊಳ್ಳುವುದೆಂದು ತೀರ್ಮಾನ ಮಾಡಿದ್ದರು.

“ಮಳೆ ಬಂದ್ರ ನಮ್ಮೂರ್ಗ ಎರಡು ಹಳ್ಳ ಅಡ್ಡ ಅಣ್ಣ, ಬಸ್ ಬರಲ್ಲ,” ಎಂದ ಪುಟ್ಟಮಾದಪ್ಪ. “ಓದ್ ವರ್ಸ ನನ್ ತಮ್ಮನ ಎಂಡ್ತಿಗ ನೋವು ಬಂತು. ಎತ್ತಿನ್ ಗಾಡೀಲಿ ಆಕಂಡು ಒಂಟ್ವಿ. ಹಳ್ಳದ ಕೆಸರ್ಲಿ ಗಾಲಿ ಊತೋಯ್ತು. ಅಲ್ಲೇ ಎರಿಗೆ ಆಯ್ತು. ಮಗ ಅಳ್ನೇ ಇಲ್ಲ ಅಣ್ಣ. ಎಲ್ರೂ ಕಾಯ್ಕಂಡು ನಿಂತಿದ್ವಿ, ಅಳ್ನೇ ಇಲ್ಲ. ಈಗ ಮತ್ತ ಬಸ್ರಿ ಅವ್ಳು. ಸತ್ತೇಗಾಲದಲ್ಲಿ ಒಂದು ಜೀಪು ಅದಂತ. ನೀನು ಊಂ ಅಂದ್ರ ತಕತೀವಿ.”

ಕೂಗಿ ಮಾತಾಡುವ ಅಭ್ಯಾಸದವನಾದ್ದರಿಂದ ಅವನ ಮಾತೆಲ್ಲ ಸಿದ್ದಯ್ಯನಿಗೆ ಕೇಳಿತು. ಕೇಳದಿದ್ದರೇ ಚೆನ್ನಾಗಿತ್ತು ಅನ್ನಿಸಿತು. “ನಂಗ ಮಂಡಿನೋವು ಕನಪ್ಪ...” ಎಂದು ಶುರು ಮಾಡುವಷ್ಟರಲ್ಲಿ ಒಳಗಿನಿಂದ ವೀರಮ್ಮ, “ಬತ್ತಾರ ಕನಪ್ಪ. ನಾಳಿದ್ದು ಬೆಳಗ್ಗೆ ಬತ್ತಾರ, ಓಗು,” ಎಂದುಬಿಟ್ಟಳು.

ಅವನು ಹೋದ ಮೇಲೆ ಸಿದ್ದಯ್ಯ ಕೆರಳಿದ. “ನಿಂಗೇನಮ್ಮಿ ಗೊತ್ತು? ನಂಗ... ನಂಗ ಈಗ ಮುಂಚಿನಂಗ...”

“ಕಿವಿ ಕೇಳಲ್ಲ,” ಎಂದಳು ವೀರಮ್ಮ, ಅವನ ಬಲಗಿವಿಯ ಹತ್ತಿರ ಬಂದು. “ಒಂದ್ ವರ್ಸದಿಂದ ಗೊತ್ತು ನಂಗ. ಇನ್ನೂ ಮುಂಚೇನೇ ಗೊತ್ತಾಗ್ತಿತ್ತು. ಆದ್ರ ಕಿವಿ ನೆಟ್ಟಗಿದ್ದಾಗ್ಲೂ ನೀನು ನನ್ ಮಾತ ಯಾವತ್ತು ಕೇಳ್ದೆ? ಅದ್ಕ ತಡ ಆಯ್ತು.”

ಸಿದ್ದಯ್ಯನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ನಗುನಗುತ್ತಲೇ ಕಣ್ಣು ಒದ್ದೆಯಾಯಿತು. ಎರಡು ವರ್ಷ ಒಬ್ಬನೇ ಹೊತ್ತ ಭಾರ ಅದು. ಇಷ್ಟು ಸುಲಭವಾಗಿ ಕೆಳಗಿಳಿಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

“ನಾನೂ ಬತ್ತೀನಿ,” ಎಂದಳು ಅವಳು. “ಏನ್ ಕೇಳ್ತದೋ ಏಳ್ತೀನಿ. ಅದೇನಂತ ನೀನು ಅರ್ಥ ಮಾಡ್ಕೊ.”

“ಜೀಪ್ ಬಗ್ಗೆ ನಿಂಗೇನ್ ಗೊತ್ತು?”

“ಜೀಪ್ ಗೊತ್ತಿಲ್ಲ. ಸದ್ದು ಗೊತ್ತು. ಯಳಂದೂರಲ್ಲಿ ನಮ್ಮವ್ವನ ಮನೇಲಿ ಅತ್ತು ವರ್ಸದವಳಿಂದ ರಾಗಿ ಬೀಸಿವ್ನಿ. ಕಲ್ಲಿಗ ಏನ್ ಕಾಯಿಲೆ ಅಂತ ಕೋಣೆ ಆಚೆಯಿಂದ್ಲೇ ಏಳ್ತಿದ್ದೆ.”

ಸತ್ತೇಗಾಲದ ಜೀಪು ವೃಷಭೇಂದ್ರಪ್ಪ ಎಂಬ ತೆಂಗು, ಕಬ್ಬು ಬೆಳೆಯುವ ಸಾಹುಕಾರರದು. ಮರ್ಯಾದಸ್ಥ ಮನುಷ್ಯ. ಜೀಪನ್ನು ನೋಡಿಕೊಳ್ಳುತ್ತಿದ್ದ ಡ್ರೈವರ್ ಸ್ವಾಮಿ ಅದನ್ನು ಹಸು ತೊಳೆದ ಹಾಗೆ ತೊಳೆದು ನಿಲ್ಲಿಸಿದ್ದ. ಸಿದ್ದಯ್ಯ ಬಾನೆಟ್ ಮೇಲೆ ಅಂಗೈ ಇಟ್ಟ, ತಣ್ಣಗಿತ್ತು. ಅಡಿಗೆ ತೂರಿದ, ಶಾಫ್ಟ್ ಇತ್ತು, ಚಾಸಿಸ್ ಗಟ್ಟಿಯಿತ್ತು. ಬಣ್ಣ ಹಳೆಯದು, ಮೋಸದ್ದಲ್ಲ. ತಪ್ಪು ಹುಡುಕಲು ಬಂದವನಿಗೇ ಜೀಪಿನ ಮೇಲೆ ಮನಸ್ಸಾಯಿತು.

ಓಡಿಸಿ ನೋಡಲು ಸಿದ್ದಯ್ಯನೇ ಸ್ಟೇರಿಂಗ್ ಹಿಡಿದ. ಪಕ್ಕದ ಸೀಟಿಗೆ ವೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿದಳು. ಸ್ವಾಮಿ ಹುಬ್ಬೇರಿಸಿದ. “ಅವಳು ಹೊಳೆ ನೋಡ್ಬೇಕಂತ,” ಎಂದ ಸಿದ್ದಯ್ಯ. ಮೂವತ್ತೊಂದು ವರ್ಷ ಜೀಪು ಓಡಿಸಿದವನ ಪಕ್ಕ ಅವಳು ಕೂತದ್ದು ಅದೇ ಮೊದಲು. ಸರ್ಕಾರಿ ಗಾಡಿಗೆ ಹೆಂಡತಿಯನ್ನು ಹತ್ತಿಸುವಂತಿರಲಿಲ್ಲ; ಅವನೂ ಹತ್ತಿಸಿದವನಲ್ಲ. ಪುಟ್ಟಮಾದಪ್ಪ, ಸ್ವಾಮಿ ಹಿಂದೆ ಕೂತರು.

ರಸ್ತೆಯಲ್ಲಿ ಎಲ್ಲ ಸರಿಯಿತ್ತು. ವೀರಮ್ಮ ಆಗಾಗ ಗಂಡನ ಕಿವಿಯ ಹತ್ತಿರ ಬಾಗಿ ಏನೋ ಹೇಳುವಳು. “ಎಸರು ಕುದ್ದಂಗದ, ಒಂದೇ ಸಮ,” ಎಂದಳು ಒಮ್ಮೆ. ಎಂಜಿನ್ ಚೆನ್ನಾಗಿದೆ ಎಂದು ಸಿದ್ದಯ್ಯ ತಿಳಿದುಕೊಂಡ. ಹಿಂದಿನಿಂದ ಪುಟ್ಟಮಾದಪ್ಪ, “ಈ ವಯಸ್ನಲ್ಲೂ ಗುಟ್ಟು ನೋಡು ಇವ್ರದ್ದು!” ಎಂದು ನಕ್ಕ.

ಹೊಳೆಯ ದಿಕ್ಕಿಗೆ ಇಳಿದರೆ ಆಗತಾನೇ ನೀರು ಬಿಟ್ಟ ಗದ್ದೆ. ಗದ್ದೆಯವರನ್ನು ಕೇಳಿಕೊಂಡು, ಸಿದ್ದಯ್ಯ ಎರಡನೇ ಲಿವರ್ ಎಳೆದು ಜೀಪನ್ನು ಸೀದಾ ಕೆಸರಿಗೆ ಇಳಿಸಿದ. ಜೀಪು ಗುಮ್ಮನೆ ಒಮ್ಮೆ ಮುಗ್ಗರಿಸಿ, ನಾಲ್ಕೂ ಚಕ್ರದಲ್ಲಿ ಕೆಸರು ಕಚ್ಚಿ, ಆಚೆ ಬದುವಿಗೆ ಹತ್ತಿತು. “ಆನೆ ಕನಣ್ಣ, ಆನೆ!” ಎಂದು ಪುಟ್ಟಮಾದಪ್ಪ ಕೂಗಿದ. ಸ್ವಾಮಿಯ ಎದೆ ಉಬ್ಬಿತು.

ವೀರಮ್ಮ ಮಾತ್ರ ನಗಲಿಲ್ಲ. “ಇನ್ನೊಂದ್ ಸತಿ ಇಳ್ಸು,” ಎಂದಳು. ಇಳಿಸಿದ. ಅವಳು ಬಾಗಿದಳು. “ರಾಗಿ ಬೀಸೋವಾಗ ಕಲ್ಲಿನ ಬಾಯ್ಗ ಹರಳು ಸಿಕ್ದಂಗದ. ಸುತ್ತಿಗೊಂದ್ ಸತಿ ಕಟ್ ಅಂತದ. ಮುಂದ್ಲಿಂದ, ನನ್ ಕಾಲಡೀಲಿ.”

ಸಿದ್ದಯ್ಯ ಗದ್ದೆಯಿಂದ ಮೇಲೆ ಬಂದು ಲಿವರ್ ಮೊದಲಿನ ಜಾಗಕ್ಕೆ ತಳ್ಳಿದ. “ಈಗ?”

“ಇಲ್ಲ.”

ಮತ್ತೆ ಎಳೆದು ಕೆಸರಿಗಿಳಿಸಿದ. “ಈಗ?”

“ಅದ.”

ಸಿದ್ದಯ್ಯನಿಗೆ ಅರ್ಥವಾಯಿತು. ಹೆಸರು ಗೊತ್ತಿಲ್ಲದೆಯೇ ಅವಳು ಕಾಯಿಲೆ ಹೇಳಿದ್ದಳು. ಮುಂದಿನ ಚಕ್ರಗಳಿಗೆ ಬಲ ಹಂಚುವ ದೊಡ್ಡ ಹಲ್ಲಿನ ಚಕ್ರ, ಕ್ರೌನ್ ಅನ್ನುತ್ತಾರೆ, ಅದರ ಹಲ್ಲೊಂದು ಮುರಿದಿದೆ. ಬಯಲಲ್ಲಿ ಹತ್ತು ವರ್ಷ ಓಡಿಸಿದರೂ ಏನೂ ಆಗುವುದಿಲ್ಲ. ಹಳ್ಳದ ಕೆಸರಲ್ಲಿ, ತುಂಬಿದ ಜನದ ಭಾರದಲ್ಲಿ, ಬೇಕೆಂದ ದಿನವೇ ಕೈಕೊಡುತ್ತದೆ.

ಇಳಿದು ನಿಂತು, “ಬ್ಯಾಡ,” ಎಂದ. “ಮುಂದ್ಲ ಕ್ರೌನ್ ಹಲ್ಲು ಓಗದ.”

ಸ್ವಾಮಿಗೆ ಕಪಾಳಕ್ಕೆ ಹೊಡೆದಂತಾಯಿತು. “ಎಂಟು ವರ್ಸ ಓಡ್ಸಿವ್ನಿ ಸಾ ನಾನು. ನಂಗ ಕೇಳ್ದಿರೋ ಸದ್ದು ನಿಮ್ಗೆಲ್ಲಿ ಕೇಳ್ತು? ಮಾದಪ್ಪನ ಆಣೆ ಇಟ್ಟು ಏಳಿ. ನಿಮ್ ಕಿವೀಲಿ ಕೇಳುದ್ರಾ?”

ಪುಟ್ಟಮಾದಪ್ಪ ತನ್ನ ಹೆಸರಿನ ದೇವರ ಆಣೆ ಬಂದದ್ದೇ ಚಪ್ಪಲಿ ಬಿಟ್ಟು ನಿಂತ. ಆ ಸೀಮೆಯಲ್ಲಿ ಮಾದಪ್ಪನ ಆಣೆ ಇಟ್ಟು ಯಾರೂ ಸುಳ್ಳಾಡುವುದಿಲ್ಲ. ಆಣೆ ಕೇಳಿದರೆ ಸುಮ್ಮನಿರುವುದೂ ಸುಳ್ಳೇ. ಕೇಳಿದೆ ಎಂದರೆ ದೇವರಿಗೆ ಎರಡು ಬಗೆದಂತೆ. ಬಾಯಿ ಮುಚ್ಚಿಕೊಂಡರೆ ಪುಟ್ಟಮಾದಪ್ಪ ಸ್ವಾಮಿಯ ಮಾತು ನಂಬಿ ಜೀಪು ಕೊಂಡೊಯ್ಯುತ್ತಾನೆ. ನಿಜ ಹೇಳಿದರೆ, ಮೂವತ್ತು ವರ್ಷ ಕೂಡಿಟ್ಟ ಹೆಸರು ಸತ್ತೇಗಾಲದ ಗದ್ದೆಯಲ್ಲೇ ಮಣ್ಣುಪಾಲು. ಸಿದ್ದಯ್ಯ ವೀರಮ್ಮನ ಮುಖ ನೋಡಿದ. ಅದು ಅವನೇ ಹೇಳಬೇಕಾದ ಮಾತು.

“ನಂಗ ಕೇಳ್ನಿಲ್ಲ,” ಎಂದ ಸಿದ್ದಯ್ಯ. “ನಂಗ ಕಿವಿ ಓಗಿ ಎರಡು ವರ್ಸ ಆಯ್ತು. ಮಾದಪ್ಪನಾಣೆ. ಕೇಳ್ದವಳು ಇವ್ಳು. ಇವ್ಳು ಸುಳ್ಳು ಏಳಲ್ಲ. ನಂಬ್ದಿದ್ರ ಅಡೀಲಿರೋ ನಟ್ ಬಿಚ್ಚಿ ಆಯಿಲ್ ಇಳ್ಸು, ನೋಡುವ.”

ಸಾಹುಕಾರರ ಅಂಗಳದಲ್ಲಿ ಸ್ವಾಮಿಯೇ ಸಿಟ್ಟಿನಿಂದ ಬಿಚ್ಚಿದ. ಕಪ್ಪು ಆಯಿಲ್ ಬಾಂಡ್ಲಿಗೆ ಇಳಿಯಿತು. ವೀರಮ್ಮ ಬಳೆ ಹಿಂದೆ ಸರಿಸಿ, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ತಳದಲ್ಲಿ ಬೆರಳಾಡಿಸಿದಳು. ತೊಗರಿಬೇಳೆಯಷ್ಟು ದೊಡ್ಡ ಉಕ್ಕಿನ ಚೂರು ಸಿಕ್ಕಿತು, ಆಮೇಲೆ ಇನ್ನೊಂದು.

ಸ್ವಾಮಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. “ಎಂಟು ವರ್ಸ...” ಎಂದ.

“ದಿನಾ ಜೊತೇಲಿರೋರ್ಗ ಕೇಳಲ್ಲ ಕನಪ್ಪ,” ಎಂದಳು ವೀರಮ್ಮ, ಗಂಡನ ಕಡೆ ನೋಡದೆ. “ಬೇಜಾರ್ ಮಾಡ್ಕಬ್ಯಾಡ.”

ವೃಷಭೇಂದ್ರಪ್ಪನವರು ಚೂರುಗಳನ್ನು ಅಂಗೈಯಲ್ಲಿಟ್ಟು ನೋಡಿ, ಕೈಮುಗಿದರು. “ನಂಗೂ ಗೊತ್ತಿರಲಿಲ್ಲ ಸಿದ್ದಯ್ಯ. ಹೊಸ ಕ್ರೌನ್ ಹಾಕಿಸಿ ಕೊಡ್ತೀನಿ. ಅಮ್ಮ ಬಂದು ಕೇಳಿ ಊಂ ಅಂದ ಮೇಲೇ ತಕೊಂಡು ಹೋಗಲಿ.” ಹಾಗೇ ಆಯಿತು. ಹದಿನೈದು ದಿನ ಬಿಟ್ಟು ಅದೇ ಗದ್ದೆಯಲ್ಲಿ ವೀರಮ್ಮ ಊಂ ಎಂದಳು.

ಆ ನಡುವೆ ಸಿದ್ದಯ್ಯ ಮಾಂಬಳ್ಳಿಗೂ ಹೋಗಿ ಬಂದ. ಕಿವಿ ಕೇಳದೆಯೇ ತಕೊಳಿ ಅಂದೆ ಎಂದು ಮೇಷ್ಟ್ರ ಮುಂದೆ ಒಪ್ಪಿಕೊಂಡ. ಮೇಷ್ಟ್ರು ಬೈದರು. ಚೆನ್ನಾಗಿಯೇ ಬೈದರು. ಅದರಲ್ಲಿ ಅರ್ಧ ಅವನಿಗೆ ಕೇಳಿಸಲಿಲ್ಲ, ಆದರೂ ಮುಗಿಯುವವರೆಗೆ ತಲೆ ತಗ್ಗಿಸಿ ನಿಂತಿದ್ದು, ಅವರು ಕೊಟ್ಟ ಮಜ್ಜಿಗೆ ಕುಡಿದು ಬಂದ.

ಹೆಸರು ಮಣ್ಣುಪಾಲಾಗಲಿಲ್ಲ. ಜೀಪು ತೋರಿಸಲು ಬರುವವರು ಈಗ ಬಾಗಿಲಲ್ಲಿ ನಿಂತು, “ಅಕ್ಕ ಅವ್ರಾ?” ಎಂದು ಕೇಳತೊಡಗಿದರು, ಅಷ್ಟೇ. ಸಿದ್ದಯ್ಯನಿಗೆ ಮೊದಲು ಮೂಗು ಕೆಂಪಾಗುತ್ತಿತ್ತು. ಆಮೇಲಾಮೇಲೆ ಅವನೇ ಒಳಗೆ ತಿರುಗಿ ಕರೆಯುತ್ತಿದ್ದ.

ಆಶ್ವೀಜದ ಮಳೆ ಜೋರಾಗಿ ಹಿಡಿದ ವರ್ಷ ಅದು. ಒಂದು ಮಧ್ಯಾಹ್ನ ಸಿದ್ದಯ್ಯ ಜಗಲಿಯಲ್ಲಿ ತೂಕಡಿಸುತ್ತಿದ್ದಾಗ ವೀರಮ್ಮ ಬಂದು ಅವನ ಭುಜ ಅಲ್ಲಾಡಿಸಿದಳು. ಮನೆಯ ಮುಂದೆ ಆ ಜೀಪು, ಬಾಗಿಲ ತನಕ ಕೆಸರು ಮೆತ್ತಿಕೊಂಡು ನಿಂತಿತ್ತು. ಪುಟ್ಟಮಾದಪ್ಪ ಹಾರನ್ ಒತ್ತಿ ಒತ್ತಿ ಸಾಕಾಗಿ ಇಳಿದು ಬರುತ್ತಿದ್ದ. ಹಿಂದಿನ ಸೀಟಿನಲ್ಲಿ ಅವನ ತಮ್ಮನ ಹೆಂಡತಿ, ತಲೆಗೆ ಬಟ್ಟೆ ಬಿಗಿದು, ಮಡಿಲಲ್ಲಿ ಒಂದು ಗಂಟು ಹಿಡಿದು ಕೂತಿದ್ದಳು. ಆಸ್ಪತ್ರೆಯಿಂದ ಊರಿಗೆ ಹೊರಟಿದ್ದರು.

“ಎರಡು ಹಳ್ಳಾನೂ ತುಂಬಿತ್ತು ಅಣ್ಣ,” ಎಂದು ಕೂಗಿದ ಪುಟ್ಟಮಾದಪ್ಪ. “ದಾಟ್ಬುಡ್ತು!”

ಸಿದ್ದಯ್ಯ ಅಭ್ಯಾಸಬಲದಿಂದ ಬಾನೆಟ್ ಮೇಲೆ ಅಂಗೈ ಇಟ್ಟ. ಎಂಜಿನ್ ಇನ್ನೂ ಓಡುತ್ತಿತ್ತು. “ಸದ್ದು ಎಂಗದ ಅಮ್ಮಿ?” ಎಂದ.

ವೀರಮ್ಮ ಕಣ್ಣು ಮುಚ್ಚಿ, ತಲೆಯನ್ನು ಒಂದು ಕಡೆ ವಾಲಿಸಿ ನಿಂತಳು. “ಹೊಸ್ದಾಗಿ ಕುಟ್ಸಿದ ಬೀಸೋಕಲ್ಲು,” ಎಂದಳು.

ಅವನು ಜೀಪಿನೊಳಕ್ಕೆ ಬಗ್ಗಿ ನೋಡಿದ. ಬಟ್ಟೆಯ ಸುರುಳಿಯೊಳಗೆ ಅಂಗೈಯಗಲದ ಕೆಂಪು ಮುಖ. ಕಣ್ಣು ಬಿಗಿಯಾಗಿ ಮುಚ್ಚಿತ್ತು, ಬಾಯಿ ಇಷ್ಟಗಲ ತೆರೆದಿತ್ತು, ನಾಲಿಗೆ ನಡುಗುತ್ತಿತ್ತು. ಸಿದ್ದಯ್ಯನಿಗೆ ಒಂದಿಷ್ಟೂ ಕೇಳಿಸಲಿಲ್ಲ. ಗಾಬರಿಯಿಂದ ಹೆಂಡತಿಯ ಕಡೆ ತಿರುಗಿದ.

“ಅಳ್ತಾ ಅದಾ?” ಎಂದು ಕೇಳಿದ.

ವೀರಮ್ಮ ಅವನ ಬಲಗಿವಿಗೆ ಬಾಯಿ ತಾಗಿಸಿ, ಎರಡು ಸಲ ಹೇಳಿದಳು. “ಅಳ್ತಾ ಅದ ಕನಾ. ಜೋರಾಗಿ ಅಳ್ತಾ ಅದ.”