ಗೇಟಿನ ಪುಸ್ತಕದಲ್ಲಿ ಇಲ್ಲದ ಅರ್ಜಿ

‘ನಮ್ಮಣ್ಣ ಸುಳ್ಳು ಹೇಳಾಂವಲ್ರೀ.’

ಹೋದ ಸೋಮವಾರ ರಾಯಚೂರಿನ ವಕೀಲರ ಆಫೀಸಿನಲ್ಲಿ ನನ್ನ ತಂಗಿ ಶರಣಮ್ಮ ಹೀಗೆಂದಳು. ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ.

ಇಬ್ಬರೂ ಒಂದೇ ಹತ್ತಿ ಮಿಲ್ಲಿನಲ್ಲಿದ್ದವರು. ಅವಳು ಮಹಡಿಯ ಮೇಲೆ ಕಂಪ್ಯೂಟರ್ ಮುಂದೆ, ನಾನು ಕೆಳಗೆ ಗೇಟಿನ ವಾಚ್‌ಮನ್. (ಆ ಗೇಟಿನ ಕಥೆಗಳನ್ನೇ ತಾನೇ ನೀವು ಈ ಅಂಕಣದಲ್ಲಿ ವಾರವಾರ ಓದುವುದು.) ಚಿಕ್ಕಂದಿನಿಂದ ಅವಳ ಒಂದು ಕಾಲಿಗೆ ಬಲವಿಲ್ಲ. ಹೊಲಕ್ಕೆ ಆಗದವಳು ಓದಲಿ ಎಂದು ಅಪ್ಪ ಮಾನ್ವಿಯ ಕಾಲೇಜಿಗೆ ಕಳಿಸಿದ. ಎರಡೂ ಕಾಲು ಗಟ್ಟಿಯಿದ್ದ ನಾನು ಏಳನೇ ಕ್ಲಾಸಿಗೇ ಹೊಲಕ್ಕೆ ಹೋದೆ. ಪೋತ್ನಾಳದ ಬಸ್ಸಿನಲ್ಲಿ ಜನ ಎದ್ದು ಅವಳಿಗೆ ಸೀಟು ಬಿಡುತ್ತಾರೆ. ನನಗೆ ಕಂಬಿ. ಹೊಟ್ಟೆ ಉರಿಯುವುದಿಲ್ಲವೇ?

ಹೋದ ವರ್ಷ ಮೆಟ್ಟಿಲು ಹತ್ತಲಾಗದೆ, ತನ್ನ ಟೇಬಲ್ಲು ಕೆಳಗೆ ಹಾಕಿಸಿಕೊಡಿ ಎಂದು ಅರ್ಜಿ ಬರೆದಳು. ನಮ್ಮ ಮಿಲ್ಲಿನಲ್ಲಿ ಯಾವ ಕಾಗದವಾದರೂ ಮೊದಲು ಗೇಟಿಗೆ. ವಾಚ್‌ಮನ್ ಪುಸ್ತಕದಲ್ಲಿ ಬರೆದುಕೊಂಡು ಒಳಗೆ ಕಳಿಸಬೇಕು. ಅಣ್ಣನೇ ಅಲ್ಲವೇ ಎಂದು ಅವಳು ಸಹಿ ಕೂಡ ಕೇಳಲಿಲ್ಲ.

ನಾನು ಬರೆಯಲಿಲ್ಲ. ಕಳಿಸಲೂ ಇಲ್ಲ. ಅವಳು ಕೇಳಿದಾಗ ಮಾತ್ರ ಕಳಿಸಿದೆ ಎಂದೆ.

ಕುರ್ಚಿ, ಫ್ಯಾನು ಇದ್ದವಳಿಗೆ ಇನ್ನೇನು ಬೇಕು? ಹನ್ನೆರಡು ವರ್ಷ ನಿಂತವನಿಗೆ ಯಾರು ಒಂದು ಸ್ಟೂಲು ಕೊಟ್ಟರು? ನಾಲ್ಕು ದಿನ ಕಾಯಲಿ ಎಂದು ಅರ್ಜಿಯನ್ನು ಮನೆಗೆ ಒಯ್ದೆ. ಅಷ್ಟರಲ್ಲಿ, ದಿನಾ ತಡವಾಗುತ್ತದೆ ಎಂದು ಅವಳನ್ನು ಕೆಲಸದಿಂದ ತೆಗೆದರು. ಆಮೇಲೆ ನಿಜ ಹೇಳಲು ಬಾಯಿ ಬರಲಿಲ್ಲ.

ಕೇಸಾಯಿತು. ಅರ್ಜಿಯೇ ಬಂದಿಲ್ಲ ಎಂದರು ಮಿಲ್ಲಿನವರು. ಗೇಟಿನ ಪುಸ್ತಕ ಹಾಜರುಪಡಿಸಿ ಎಂದು ವಕೀಲಮ್ಮ ಕೋರ್ಟಿನಿಂದ ಆದೇಶ ತಂದರು. ತಿಂಗಳುಗಟ್ಟಲೆ ಸತಾಯಿಸಿ, ಕೊನೆಗೆ ಕೊಟ್ಟರು. ಎಲ್ಲಾ ನನ್ನದೇ ಅಕ್ಷರ. ಆ ಅರ್ಜಿಯ ಸಾಲು ಮಾತ್ರ ಇಲ್ಲ. ಮಿಲ್ಲಿನವರೇ ಹಾಳೆ ಬದಲಿಸಿದ್ದಾರೆ, ಅಣ್ಣ ಬರೆದೇ ಇರುತ್ತಾನೆ ಎಂದು ತಂಗಿ ಹಟ ಹಿಡಿದಳು. ಅಣ್ಣ ಸುಳ್ಳು ಹೇಳುವವನಲ್ಲ ಎಂಬ ಆ ಮಾತು ಬಂದದ್ದು ಆಗ.

ಅವಳು ನೀರು ಕುಡಿಯಲು ಹೊರಗೆ ಹೋದಾಗ ಕೇಳಿದೆ. ‘ವಾಚ್‌ಮನ್ನೇ ಇಸ್ಕೊಂಡು ಬರೀದ ಬಿಟ್ಟಿದ್ರರೀ?’

ವಕೀಲಮ್ಮ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

‘ವಾಚ್‌ಮನ್ ಕೈಗೆ ಬಂತಂದ್ರ ಮಿಲ್ಲಿಗೆ ಬಂದಂಗ. ಆತ ಕೋರ್ಟಿನ್ಯಾಗ ಅಷ್ಟು ಹೇಳಿದ್ರ ಸಾಕು. ಆದ್ರ ಆಕಿ ಮುಂದ ನಿಂತು ಹೇಳಬೇಕಾಗ್ತದ ನೋಡ್ರಿ.’

ನನ್ನ ಕೆಲಸ ಹೋಗುತ್ತದೆ, ಅವಳದು ವಾಪಸ್ ಬರುತ್ತದೆ. (ಇಲ್ಲೂ ಅವಳಿಗೇ! ಇದನ್ನು ಬರೆಯುವಾಗಲೂ ಉರಿ ತಣ್ಣಗಾಗಿಲ್ಲ.) ಮರುದಿನ ಅರ್ಜಿಯನ್ನು ವಕೀಲಮ್ಮನಿಗೆ ಕೊಟ್ಟು ಬಂದೆ.

ಮಾಲೀಕರಿಂದ ಕಸಿದು ತರಬೇಕೆಂದು ಅವಳು ಒಂದು ವರ್ಷ ಓಡಾಡಿದ ಸಾಕ್ಷ್ಯ, ನಮ್ಮ ಮನೆಯಲ್ಲಿ ಅವಳೇ ಮಲಗುವ ಮಂಚದ ಕೆಳಗಿನ ಟ್ರಂಕಿನಲ್ಲೇ ಇತ್ತು ಎಂದು, ಇದು ಅಚ್ಚಾಗುವ ಮೊದಲು ತಂಗಿಗೆ ನಾನಲ್ಲದೆ ಇನ್ಯಾರು ಹೇಳಬೇಕು?