ಪೋಸ್ಟರಿನ ಕೆಳಗಿದ್ದ ದುಂಡು ಸೀಲು

ಕೆಳಮನೆ ಮಾಮನ ಬಲಗೈ ತೋರುಬೆರಳಿನ ತುದಿ ಸದಾ ಸುಕ್ಕುಗಟ್ಟಿರುತ್ತಿತ್ತು. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಒದ್ದೆ ಸ್ಪಂಜಿಗೆ ಬೆರಳೊತ್ತಿ ಫೈಲು ತಿರುವಿದ ಗುರುತು ಅದು. ಮನೆಯಲ್ಲಿ ಸಾಬೂನಿನ ಕಾಗದವನ್ನೂ ಆ ಬೆರಳಿಟ್ಟು ಕೊನೆಯ ಸಾಲಿನ ತನಕ ಓದುತ್ತಿದ್ದರು. ದೆಹಲಿಯ ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲಿ ನಾವು ಮೇಲೆ, ಅವರು ಕೆಳಗೆ. ಹಿಂದಿಯಲ್ಲೇ ಬೆಳೆಯುತ್ತಿದ್ದ ನನಗೆ ಊರಿನ ಅಜ್ಜಿಗೆ ಕನ್ನಡದಲ್ಲಿ ಕಾಗದ ಬರೆಯಲು ಕಲಿಸಿದವರು ಅವರೇ. "ಸಹಿ ಹಾಕೋ ಮುಂಚೆ ಇನ್ನೊಂದು ಸಲ ಓದು ಪುಟ್ಟಿ. ಹಾಕಿದ ಮೇಲೆ ಹೊಣೆ ನಿಂದೇ" ಎನ್ನುತ್ತಿದ್ದರು.

ಅವರು ಹಚ್ಚಿದ ಬರವಣಿಗೆಯ ಹುಚ್ಚೇ ನನ್ನನ್ನು ಗುರುಗ್ರಾಮದ ಒಂದು ಜಾಹೀರಾತು ಕಂಪನಿಗೆ ಒಯ್ದಿತು.

ಎರಡು ವರ್ಷದ ಹಿಂದೆ ಡಾಕ್ಟರು ಮಾಮನ ಬಿ.ಪಿ. ನೋಡಿ ಉಪ್ಪು ಬಿಡಿ ಎಂದರು. ಮಾಮಿ ಉಪ್ಪಿನಕಾಯಿ ಜಾಡಿಯನ್ನು ಅಟ್ಟಕ್ಕೇರಿಸಿದರು. ಮಾಮ ಗೊಣಗಲಿಲ್ಲ. ಆದರೆ ಕರೋಲ್ ಬಾಗ್‌ನ ಕಚೇರಿಯಿಂದ ಬರುವಾಗ ದಿನವೂ ಒಂದು ಬರ್ಗರ್ ತಿನ್ನತೊಡಗಿದರು, ಅದೂ ಮಾಮಿಗೆ ಹೇಳಿಯೇ. ಮೆಟ್ರೊ ನಿಲ್ದಾಣದಲ್ಲಿ ಅದರ ಪೋಸ್ಟರ್ ಇತ್ತು. ಹನಿ ಹನಿ ನೀರು ತೊಟ್ಟಿಕ್ಕುವ ಸೊಪ್ಪು, ಹೊಳೆಯುವ ಟೊಮ್ಯಾಟೊ, ಹಿಂದಿಯಲ್ಲಿ 'ಹೃದಯಕ್ಕೆ ಹಿತ' ಎಂಬ ಬರಹ, ಕೆಳಗೆ ಆಹಾರತಜ್ಞರೊಬ್ಬರ ಸಹಿ, ದುಂಡು ಸೀಲು.

ಕೈಗೆ ಸಿಗುತ್ತಿದ್ದದ್ದು ಅಪ್ಪಚ್ಚಿಯಾದ ಬನ್ನು, ಬಾಡಿದ ಒಂದೆಲೆ. ನಾನು ನಕ್ಕೆ. "ಚಿತ್ರ ಬಿಡು, ಅದು ಅಲಂಕಾರ. ಸೀಲು ಸುಮ್ನೆ ಬೀಳತ್ತಾ?" ಎಂದರು ಮಾಮ. ಒಂದು ಸೀಲಿಗಾಗಿ ಫೈಲು ಹಿಡಿದು ನಾಲ್ಕು ಮೇಜು ಅಲೆದವರು ಅವರು, ನಂಬದೆ ಏನು ಮಾಡಿಯಾರು? ಆ ಜಾಹೀರಾತು ನಮ್ಮ ಕಂಪನಿಯದು, ಆ ಬರಹ ನನ್ನದು. ಅಂಥ ಆಹಾರತಜ್ಞರೇ ಇಲ್ಲ ಎಂಬುದೂ ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಮೂರು ತಿಂಗಳಿಗೆ ಮಾಮ ಆಸ್ಪತ್ರೆ ಸೇರಿದರು. ಏನೇನು ತಿನ್ನುತ್ತೀರಿ ಎಂದು ಕೇಳಿದ ಡಾಕ್ಟರು ಬರ್ಗರಿನ ಹೆಸರು ಕೇಳಿ ಸಿಡಿದರಂತೆ. ಒಂದು ಬರ್ಗರಿನಲ್ಲೇ ದಿನವಿಡೀ ಬೇಕಾಗುವ ಉಪ್ಪು ಇರುತ್ತದೆ ಎಂದರಂತೆ.

ಮಾಮ ಮನೆಗೆ ಬಂದ ಮೇಲೆ ಅವರೆದುರು ಕೂತು ಎಲ್ಲ ಹೇಳಿದೆ. ಸೊಪ್ಪಿನ ಮೇಲಿದ್ದದ್ದು ನೀರಲ್ಲ, ಫೋಟೋದಲ್ಲಿ ಹೊಳೆಯಲೆಂದು ಸಿಂಪಡಿಸಿದ ಗ್ಲಿಸರಿನ್. ಸಹಿ ಗೀಚಿದ್ದು ನನ್ನ ಪಕ್ಕದ ಡಿಸೈನರ್, ಸೀಲು ಕಂಪ್ಯೂಟರಿನಲ್ಲಿ ಮಾಡಿದ್ದು.

"ಬರೆಯೋ ಮುಂಚೆ ನೀನು ತಿಂದು ನೋಡಿದ್ಯಾ?"

"ಇಲ್ಲ ಮಾಮ."

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಪೆನ್ಸಿಲ್ ತರಿಸಿ ದೂರಿನ ಕರಡು ಬರೆಯತೊಡಗಿದರು. ಬರೆಯುತ್ತಲೇ, "ಕಾಯಿಲೆಯವನು ಹುಡುಕಿ ಹುಡುಕಿ ಓದೋ ಜಾಗದಲ್ಲೇ ಸುಳ್ಳು ಹೇಳಿದಾರೆ. ಎಷ್ಟು ಜನ ತಿಂದಿರಬೇಕು ಇದನ್ನ ನಂಬಿ" ಎಂದರು. ಆಮೇಲೆ ಕೇಳಿದರು, "ನನಗೆ ಹೇಳಿದ್ದನ್ನೇ ಬರೆದು ಸಹಿ ಹಾಕಿ ಕೊಡ್ತೀಯಾ? ಅದಿಲ್ಲದೆ ದೂರು ನಿಲ್ಲಲ್ಲ."

ಕೆಲಸ ಹೋಗುವ ಭಯ. ಒಂದೆರಡು ವಾರ ಕೊಡಿ ಎಂದೆ.

"ಅಚ್ಛಾ. ಯೋಚನೆ ಮಾಡು" ಎಂದರು. ಮತ್ತೆ ಕೇಳಲೇ ಇಲ್ಲ. ನನ್ನ ಹೇಳಿಕೆಯಿಲ್ಲದೆಯೇ ಬರ್ಗರ್ ಕಂಪನಿಗೆ ದೂರು ಕಳಿಸಿದರು. ಮಾಮ ಆ ಚಳಿಗಾಲ ದಾಟಲಿಲ್ಲ.

ಹದಿಮೂರನೇ ದಿನದ ಊಟವಾದ ಮರುವಾರ ಬರ್ಗರ್ ಕಂಪನಿಯ ಉತ್ತರ ಬಂತು. ಇಂಗ್ಲಿಷಿನಲ್ಲಿದೆ, ಓದಿ ಹೇಳು ಎಂದು ಮಾಮಿ ಕರೆದರು. ಚಿತ್ರಗಳು ಕೇವಲ ಸಾಂಕೇತಿಕ, ಆರೋಪಗಳಿಗೆ ಆಧಾರವಿಲ್ಲ, ತಮ್ಮ ಆರೋಗ್ಯವೇ ನಮ್ಮ ಕಾಳಜಿ. ಜೊತೆಗೊಂದು ಕೂಪನ್: ಅದೇ ಬರ್ಗರ್, ಇಬ್ಬರಿಗೆ, ಉಚಿತ. ನಾಚಿಕೆ ಬೇಡವೇ ಇವರಿಗೆ? ಸತ್ತವನ ಹೆಸರಿಗೆ ಅವನನ್ನು ಮಲಗಿಸಿದ ತಿಂಡಿಯನ್ನೇ ಬಡಿಸುತ್ತಾರೆ. ಓದುವಾಗ ಮೈ ಉರಿದುಹೋಯಿತು.

ಅಲ್ಲೇ ಅವರ ಮೇಜಿನಲ್ಲಿ ಕೂತು ನನಗೆ ಗೊತ್ತಿದ್ದದ್ದನ್ನೆಲ್ಲ ಬರೆದೆ. ನಾಲ್ಕು ಪುಟ. ಎರಡು ಸಲ ಓದಿ, ಪೂರ್ತಿ ಹೆಸರಿನಲ್ಲಿ ಸಹಿ ಹಾಕಿ ಮಾಮಿಯ ಕೈಗಿಟ್ಟೆ.

ಮಾಮಿ ಪುಟಗಳನ್ನು ಎಣಿಸಿ, ಗೋಡೆಯ ಗಡಿಯಾರದ ಕಡೆ ನೋಡಿದರು.

"ಬರೆಯಕ್ಕೆ ಒಂದು ಗಂಟೆನೂ ಹಿಡೀಲಿಲ್ವಲ್ಲೇ ನಿಂಗೆ" ಎಂದರು.